ದುಬೈನ ಗೋಡೆ ಗಡಿಯಾರ

ಶುಕ್ರವಾರ ಸಂಜೆ ಐದಕ್ಕೆ ಮಾನ್ವಿ ಠಾಣೆಗೆ ನರ್ಸ್ ಮೇಘಾ ಓಡಿಬಂದಳು. ಐದು ವರ್ಷದ ಮಗ ಆನಂದ ಮೂರೂವರೆಗೆ ಶಾಲೆಯ ಆಟೋದಿಂದ ಓಣಿಯ ತುದಿಯಲ್ಲಿ ಇಳಿದವನು ಮನೆ ಸೇರಿರಲಿಲ್ಲ. ಪಿಎಸ್ಐ ನಾಗವೇಣಿ ಎಫ್ಐಆರ್ ದಾಖಲಿಸಿ, ಅವನು ಇಳಿದ ಜಾಗದ ಪಂಚನಾಮೆ ಮಾಡಿಸಿದಳು. ಸಿಕ್ಕಿದ್ದು ಒಂದು ನೀರಿನ ಬಾಟಲಿ ಮಾತ್ರ.

ಅಷ್ಟರಲ್ಲಿ ಓಣಿಯವರು ಆಟೋ ಓಡಿಸುವ ಮೀರಾಹುಸೇನನ ಕೊರಳಪಟ್ಟಿ ಹಿಡಿದು ಎಳೆತಂದರು. ಮಗುವನ್ನು ಕೊನೆಗೆ ಕಂಡವನು ಅವನೇ, ಹಾಗಾಗಿ ಕಳ್ಳನೂ ಅವನೇ ಎಂಬುದು ಅವರ ನ್ಯಾಯ. ಪಾಪದವನು, ಇಳಿಸಿ ಹೋದೆ ಅಂದದ್ದನ್ನೇ ಅನ್ನುತ್ತಿದ್ದ. ಹೊರಗೆ ಬಿಟ್ಟರೆ ಜನ ಹೊಡೆದೇ ಹಾಕುವಂತಿದ್ದರು, ಹಾಗಾಗಿ ಠಾಣೆಯಲ್ಲೇ ಕೂರಿಸಿಕೊಂಡರು.

ನಾಗವೇಣಿಯ ಅನುಮಾನವೆಲ್ಲ ಮಗುವಿನ ಅಪ್ಪ ಕಿರಣಕುಮಾರನ ಮೇಲೆ. ಗಂಡ ಹೆಂಡತಿ ಬೇರೆಯಾಗಿ ಎರಡು ವರ್ಷ. ತಿಂಗಳಿಗೊಮ್ಮೆ ಮಗನನ್ನು ನೋಡಲು ಕೋರ್ಟು ಅವನಿಗೆ ಅನುಮತಿ ಕೊಟ್ಟಿತ್ತು. ಆದರೆ ಅವನು ಅವತ್ತೇ ಕೆಲಸಕ್ಕೆಂದು ಹೈದರಾಬಾದಿನಿಂದ ದುಬೈಗೆ ಹೋಗಿದ್ದನಂತೆ. ವಾಟ್ಸಾಪ್ ಕಾಲಿಗೆ ಸಿಕ್ಕ. ಮಗು ಕಾಣೆಯಾದದ್ದನ್ನು ಹೇಳಿ ನಾಗವೇಣಿ ಕೇಳಿದಳು.

"ವಿಮಾನ ಎಷ್ಟಕ್ಕ ಹತ್ತಿದಿ?"

"ಮಧ್ಯಾಹ್ನ ಹನ್ನೆರಡಕ್ರಿ."

"ಇಳಿದದ್ದು?"

"ನಾಕಕ್ರಿ. ಇಲ್ಲಿ ಏರ್‌ಪೋರ್ಟಿನ ಗೋಡಿ ಗಡಿಯಾರ ನೋಡೀನ್ರಿ. ನನ್ನ ಮಗ ಸಿಕ್ಕನೇನ್ರಿ?"

ಕಾನ್‌ಸ್ಟೇಬಲ್ ವೆಂಕೋಬ ಮೊಬೈಲಿನಲ್ಲಿ ಹುಡುಕಿದ. ಎರಡೂವರೆ ಸಾವಿರ ಕಿಲೋಮೀಟರು, ನಾಲ್ಕು ತಾಸು. ಎಲ್ಲ ತಾಳೆಯಾಯಿತು. ಮೂರೂವರೆಗೆ ಸಮುದ್ರದ ಮೇಲಿದ್ದವನು ಮಾನ್ವಿಯ ಓಣಿಗೆ ಹೇಗೆ ಬಂದಾನು?

ಆದರೂ ಮನಸ್ಸು ತಡೆಯದೆ ನಾಗವೇಣಿ ವಿಮಾನ ಕಂಪನಿಗೆ ಫೋನ್ ಹಚ್ಚಿದಳು. ಪ್ರಯಾಣಿಕರ ಹೆಸರು ಬೇಕಾದರೆ ಪತ್ರ ಕಳಿಸಿ ಅಂದರು. ಹನ್ನೆರಡರ ವಿಮಾನ ಮಾತ್ರ ಸರಿಯಾಗಿ ಎರಡೂವರೆಗೆ ದುಬೈಯಲ್ಲಿ ಇಳಿದಿದೆ ಅಂದರು. ನಾಗವೇಣಿಗೆ ತಲೆ ಗಿರ್ರೆಂದಿತು. ಹನ್ನೆರಡಕ್ಕೆ ಬಿಟ್ಟು ನಾಲ್ಕು ತಾಸು ಹಾರಿದ್ದು ಎರಡೂವರೆಗೆ ಇಳಿಯುವುದೆಂದರೇನು? ಬೆರಳು ಮಡಚಿ ಎಣಿಸಿದಳು, ಮತ್ತೆ ಎಣಿಸಿದಳು. ವಿಮಾನದ ಮುಖವನ್ನೇ ಕಾಣದ ವೆಂಕೋಬ, ನಡುವೆ ಎಲ್ಲೋ ಒಳದಾರಿ ಇರಬೇಕು ಮೇಡಂ ಅಂದ. ಕೊನೆಗೆ ನಾಚಿಕೆ ಬಿಟ್ಟು ಮತ್ತೆ ಅಲ್ಲಿಗೇ ಫೋನ್ ಮಾಡಿ ಕೇಳಿದಳು. ದುಬೈ ಗಡಿಯಾರ ನಮ್ಮದಕ್ಕಿಂತ ಒಂದೂವರೆ ತಾಸು ಹಿಂದೆ ಇರುತ್ತದೆಂದು ಆ ಕಡೆಯ ಹುಡುಗಿ ನಗುತ್ತಲೇ ಬಿಡಿಸಿ ಹೇಳಿದಳು.

"ಅಲ್ಲಿ ಇಳಿದಿದ್ರ ಗೋಡಿ ಮ್ಯಾಲ ಎರಡೂವರಿ ಕಾಣಬೇಕಿತ್ತು," ಅಂದಳು ನಾಗವೇಣಿ. "ಅಂವ ಗಡಿಯಾರ ನೋಡಿಲ್ಲ ವೆಂಕೋಬ. ನಮ್ಮಂಗ ಮೊಬೈಲ್ ನೋಡಿ ಕೂಡಿಸ್ಯಾನ."

ಕಿರಣಕುಮಾರನ ಫೋನಿನ ಟವರ್ ದೇವದುರ್ಗದ್ದೆಂದು ರಾಯಚೂರಿನ ಎಸ್‌ಪಿ ಕಚೇರಿಯಿಂದ ತಿಳಿಯಿತು. ಅಲ್ಲಿ ವಿಚಾರಿಸುತ್ತಾ ಹೋಗಿ ಏಳೂವರೆಗೆ ಬಸ್‌ಸ್ಟ್ಯಾಂಡ್ ಹಿಂದಿನ ಬಾಡಿಗೆ ಖೋಲಿಯ ಬಾಗಿಲು ತಟ್ಟಿದರು. ಆನಂದ ಚಾಪೆಯ ಮೇಲೆ ಜಿಲೇಬಿ ತಿನ್ನುತ್ತಾ ಕೂತಿದ್ದ. ಸದ್ದಿಗೆ ತಲೆಯೆತ್ತಿ, ಬಾಗಿಲು ತೆರೆದ ಕಿರಣಕುಮಾರನನ್ನು ಕೇಳಿದ.

"ಅಂಕಲ್, ಅಮ್ಮ ಬಂದ್ಳೇನು?"

ಕಿರಣಕುಮಾರ ಪಕ್ಕಕ್ಕೆ ಸರಿದು ಪೊಲೀಸರನ್ನು ಒಳಗೆ ಬಿಟ್ಟ. ದಸ್ತಗಿರಿಗೆ ತಕರಾರೂ ಮಾಡಲಿಲ್ಲ. ಸುದ್ದಿ ಮುಟ್ಟಿದ ಕೂಡಲೇ ಮಾನ್ವಿಯಲ್ಲಿ ಮೀರಾಹುಸೇನನನ್ನು ಮನೆಗೆ ಕಳಿಸಿದರು.

ಜೀಪಿನಲ್ಲಿ ಕಿರಣಕುಮಾರನೇ ಬಾಯಿ ಬಿಟ್ಟ. "ಹೋದ ತಿಂಗಳೂ ನನಗ ಅಂಕಲ್ ಅಂದಿದ್ದನ್ರಿ ಮೇಡಂ. ನಾಕ ದಿನ ಕೂಡ ಇಟ್ಕೊಂಡ್ರ ಅಪ್ಪಾ ಅಂದಾನು ಅಂತ ಕರ್ಕೊಂಡ್ ಬಂದೆ."

ಕೇಸಿಗೆ ಬೇಕಾದ ಮಾತಲ್ಲ ಅದು. ಆದರೂ ನಾಗವೇಣಿ ಅವನ ಹೇಳಿಕೆಯಲ್ಲಿ ಬರೆಸಿದಳು.