ಬಿರುಗಾಳಿಗೆ ಕಟ್ಟಿದ ಹಾಯಿದೋಣಿ

ಬಹಳ ಹಿಂದೆ, ಮೀನುಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಕಡಲಿನ ಅಂಚಿಗೆ ಹವಳಸೀಮೆ ಎಂಬ ರಾಜ್ಯವಿತ್ತು. ಅದರ ಎದುರಿಗೆ, ಸಮುದ್ರದ ನಡುವೆ, ಒಂದು ಕರಿಬಂಡೆಯ ದ್ವೀಪ. ಆ ದ್ವೀಪದಲ್ಲಿ ಸುಳಿಗಣ್ಣ ಎಂಬ ಮಾಂತ್ರಿಕನಿದ್ದ. ಅವನು ಬಿರುಗಾಳಿಯನ್ನು ತೊಗಲಿನ ಚೀಲದಲ್ಲಿ ತುಂಬಿ ಸೊಂಟಕ್ಕೆ ಕಟ್ಟಿಕೊಂಡಿದ್ದ. ಮೀನಿಗೆ ಹೋದವರನ್ನು ಹಿಡಿದು ತಂದು ತನ್ನ ಕೋಟೆಗೆ ಕಲ್ಲು ಹೊರಿಸುತ್ತಿದ್ದ. ಅವರನ್ನು ಬಿಡಿಸಲು ಯಾರಾದರೂ ಹೊರಟರೆ ಚೀಲದ ಬಾಯಿ ತುಸು ಬಿಚ್ಚುತ್ತಿದ್ದ. ನೀರಲ್ಲಿದ್ದ ದೋಣಿಗಳು ನುಚ್ಚುನೂರಾಗುತ್ತಿದ್ದವು. ದಡಕ್ಕೆ ಎಳೆದಿಟ್ಟ ದೋಣಿಗಳು ಕಲ್ಲಾಗುತ್ತಿದ್ದವು.

ಆದರೂ ಅವನ ಮಾಯೆಗೆ ಎರಡು ಮಿತಿಗಳಿದ್ದವು, ಅವು ಊರಿಗೆಲ್ಲ ಗೊತ್ತಿದ್ದವು. ಮನುಷ್ಯರು ಹಾಕಿದ ಗಂಟನ್ನು ಅವನ ಕೈ ಬಿಚ್ಚಲಾರದು. ಮತ್ತು, ಚೀಲವನ್ನು ಪೂರ್ತಿ ಬಿಚ್ಚಿದ ಮೇಲೆ ಬಿರುಗಾಳಿ ಮುಗಿದಾಗ ಒಂದೇ ಒಂದು ದೋಣಿ ನೀರಿನ ಮೇಲೆ ಉಳಿದಿದ್ದರೂ, ಆ ಗಾಳಿ ಮತ್ತೆಂದೂ ಅವನ ಮಾತು ಕೇಳದು.

ಕೊನೆಗೆ ಇಡೀ ರಾಜ್ಯದಲ್ಲಿ ಒಂದೇ ಹಾಯಿದೋಣಿ ಉಳಿಯಿತು. ಅದು ಮಂಕಾಳಿ ಎಂಬ ಮುದುಕಿಯದು. ಅವಳ ಮಗ ಸುಕ್ರ ಮಾಂತ್ರಿಕನ ಸೆರೆಯಲ್ಲಿದ್ದ. ಮನೆಯಲ್ಲಿ ಉಳಿದವಳು ಸೊಸೆ ಬೀರವ್ವ. ಅವಳು ಬಯಲುನಾಡಿನ ಕುರಿಗಾಹಿಗಳ ಮಗಳು. ಮದುವೆಯಾಗಿ ಬರುವ ತನಕ ಕೆರೆಗಿಂತ ದೊಡ್ಡ ನೀರನ್ನು ಕಂಡವಳಲ್ಲ. ಗಂಡ ಸೆರೆಸಿಕ್ಕ ಮೇಲೆ ಅವಳು ಒಂದು ದಿನವೂ ಅತ್ತಿರಲಿಲ್ಲ. ಅತ್ತರೆ ಅತ್ತೆ ಕುಸಿದಾಳು ಎಂಬ ಭಯ.

ಒಂದು ಮುಂಜಾನೆ ದ್ವೀಪದಿಂದ ಒಂದು ಕಾಗೆ ಹಾರಿ ಬಂದು ಅರಮನೆಯ ಕಂಬದ ಮೇಲೆ ಕೂತು ಸಾರಿತು: "ನಾಳೆ ನನ್ನ ಒಡೆಯ ಚೀಲವನ್ನು ಪೂರ್ತಿ ಬಿಚ್ಚುತ್ತಾನೆ. ಆ ಒಂದು ದೋಣಿಯೂ ಇರುವುದಿಲ್ಲ."

ರಾಜ ಇಂದುಧರ ತಾನೇ ಮಂಕಾಳಿಯ ಗುಡಿಸಲಿಗೆ ಬಂದ. "ಅಮ್ಮಾ, ಈ ದೋಣಿ ಉಳಿದರೆ ನಮ್ಮವರು ಉಳಿದಾರು. ಅರಮನೆಯಿಂದ ಏನು ಬೇಕು, ಕೇಳು."

"ಹಗ್ಗ ಕೊಡಿ ಒಡೆಯಾ," ಅಂದಳು ಮಂಕಾಳಿ. "ನಾಡಿನಲ್ಲಿ ಇರುವಷ್ಟೂ ಹಗ್ಗ ಕೊಡಿ."

ಆನೆ ಕಟ್ಟುವ ಹಗ್ಗ ಬಂತು. ಅರಮನೆಯ ಉಯ್ಯಾಲೆಯ ಹಗ್ಗ ಬಂತು. ಊರ ಹೆಂಗಸರು ಬಾವಿಯ ಹಗ್ಗಗಳನ್ನು ಬಿಚ್ಚಿ ಹೊತ್ತು ತಂದರು.

ಮಂಕಾಳಿಗೆ ಮೊಣಕಾಲು ಊದಿ ನಿಲ್ಲಲಾಗುತ್ತಿರಲಿಲ್ಲ. ಅವಳು ದೋಣಿಯಲ್ಲೇ ಕೂತು ಹೇಳಿದಳು, ಬೀರವ್ವ ಮಾಡಿದಳು. ಇಬ್ಬರೂ ದೋಣಿಯನ್ನು ಕಡಲು ಸೇರುವ ಹೊಳೆಯ ಒಳಮಗ್ಗುಲಿಗೆ, ಕಾಂಡ್ಲಾ ಮರಗಳು ಕೆಸರಲ್ಲಿ ಬೇರು ಬಿಟ್ಟು ನಿಂತ ಜಾಗಕ್ಕೆ ತಂದರು. ಹಾಯಿ ಬಿಚ್ಚಿ ಮಡಿಚಿದರು. ಹಾಯಿ ಕಟ್ಟುವ ಪಟದ ಮರವನ್ನು ಕೆಳಗಿಳಿಸಿ ಮಲಗಿಸಿದರು. ಮೂತಿಯ ಕಡೆ ಭಾರದ ಲಂಗರು ಬಿಟ್ಟರು. ಮೂಡಣ ದಡದ ಬೇರುಗಳಿಗೆ ದಪ್ಪ ಹಗ್ಗಗಳು, ಪಡುವಣಕ್ಕೆ ಸಣ್ಣವು.

"ಅತ್ತೇ, ಹಗ್ಗ ಮರಕ್ಕೆ ಉಜ್ಜುವಲ್ಲಿ ಸವೆದು ಹೋಗುವುದಿಲ್ಲವೇ?"

"ಹೋಗುತ್ತದೆ ಮಗಳೇ. ಏನಾದರೂ ಸುತ್ತಬೇಕು."

ಬೀರವ್ವ ತವರಿಂದ ತಂದ ಕರಿಕಂಬಳಿಯನ್ನು ತೆಗೆದಳು. ಅಪ್ಪ ನೇಯ್ದ ಕಂಬಳಿ ಅದು. ಒಂದು ಗಳಿಗೆ ಅದನ್ನು ಮುಖಕ್ಕೆ ಒತ್ತಿಕೊಂಡಳು. ಆಮೇಲೆ ಪಟ್ಟಿ ಪಟ್ಟಿಯಾಗಿ ಹರಿದು, ಉಜ್ಜುವಲ್ಲೆಲ್ಲ ಬಿಗಿಯಾಗಿ ಸುತ್ತಿದಳು.

ಮರುದಿನ ಹೊತ್ತು ಏರುತ್ತಿದ್ದಂತೆ ಆಕಾಶ ಕಪ್ಪಿಟ್ಟಿತು. ಮೂಡಣದಿಂದ ಗಾಳಿ ಬಂತು. ತೆಂಗಿನ ಮರಗಳು ನೆಲಕ್ಕೆ ಬಾಗಿದವು. ಮಳೆ ಮೇಲಿಂದ ಬೀಳದೆ ಅಡ್ಡಡ್ಡಲಾಗಿ ಹಾರುತ್ತಿತ್ತು.

ಮಾಂತ್ರಿಕ ಕಳಿಸಿದ್ದರಲ್ಲಿ ಮೊದಲು ಬಂದದ್ದು ಏಡಿ. ಗಾಡಿಯ ಚಕ್ರದಷ್ಟು ದೊಡ್ಡದು, ಕೊಂಡಿಗಳು ಕಬ್ಬಿಣದವು. ಕೆಸರಿನಿಂದ ಎದ್ದು ಲಂಗರಿನ ಹಗ್ಗಕ್ಕೆ ಬಾಯಿ ಹಾಕಿತು.

ಬೀರವ್ವ ಹುಟ್ಟನ್ನು ಎತ್ತಿಕೊಂಡು ಅದರ ಮುಂದೆ ಬಾಗಿದಳು. ಹೊಡೆಯಬೇಕು ಅನ್ನುವಷ್ಟರಲ್ಲಿ ಅದು ನರಳಿದ್ದು ಕೇಳಿಸಿತು.

"ನಿನಗೇನು ನೋವು?"

"ಚಿಪ್ಪು," ಅಂದಿತು ಏಡಿ. "ಮೈ ಬೆಳೆದಿದೆ, ಚಿಪ್ಪು ಬೆಳೆದಿಲ್ಲ. ಕಳಚಿಕೊಳ್ಳಲು ಒಡೆಯ ಬಿಡುವುದಿಲ್ಲ. ಚಿಪ್ಪು ಇರುವ ತನಕ ನಾನು ಅವನ ಆಳು."

ಬೀರವ್ವ ಮೀನೆಣ್ಣೆಯ ಕುಡಿಕೆಯನ್ನು ತಂದು ಚಿಪ್ಪಿನ ಸಂದಿಗೆ ಸುರಿದಳು. ಹುಟ್ಟಿನ ತುದಿಯನ್ನು ಸಂದಿಗೆ ಕೊಟ್ಟು ಮೆಲ್ಲನೆ ಮೀಟಿದಳು. ಚಿಪ್ಪು ಚಟ್ಟನೆ ಬಿಟ್ಟಿತು. ಒಳಗಿಂದ ಬೆಣ್ಣೆಯಷ್ಟು ಮೆತ್ತಗಿನ ಏಡಿ ಹೊರಬಂದು, "ಬದುಕಿದೆನಮ್ಮಾ!" ಎಂದು ಕೆಸರಿನೊಳಗೆ ಇಳಿದುಹೋಯಿತು.

ಎರಡನೆಯದಾಗಿ ಬಂದದ್ದು ತಿಮಿಂಗಿಲ. ಹೊಳೆಯ ಬಾಯಿಗೆ ಅಡ್ಡಲಾಗಿ ಮಲಗಿ, ಸಮುದ್ರವನ್ನು ಕುಡಿದು ಹೊಳೆಯೊಳಕ್ಕೆ ಉಗುಳತೊಡಗಿತು. ನೀರು ಏರಿತು. ಕಾಂಡ್ಲಾ ಮರಗಳ ಬೇರು ಮುಳುಗಿತು, ಸೊಂಟ ಮುಳುಗಿತು. ಹಗ್ಗಗಳು ಬಿಗಿದು ವೀಣೆಯ ತಂತಿಯಂತೆ ಕಿರುಗುಟ್ಟಿದವು. ದೋಣಿಯ ಮೂತಿ ಕೆಳಕ್ಕೆ ಜಗ್ಗಿತು.

ಅಲೆಯ ಮೇಲೊಂದು ನೀರುನಾಯಿ ತೇಲಿ ಬಂದು ಕೂಗಿತು: "ಬಿಗಿ ಮಾಡು ಬೀರವ್ವಾ, ಇನ್ನೂ ಬಿಗಿ ಮಾಡು! ಸಡಿಲ ಬಿಟ್ಟರೆ ದೋಣಿ ಹೋಯಿತು!"

ಬೀರವ್ವನ ಕೈ ಹಗ್ಗ ಎಳೆಯಲು ತವಕಿಸಿತು. ಹೆದರಿದಾಗ ಬಿಗಿಯಾಗಿ ಹಿಡಿಯಬೇಕು ಎಂದೇ ಯಾರಿಗೂ ಅನಿಸುವುದು.

"ಬಿಡು!" ಎಂದು ಮಂಕಾಳಿ ಅರಚಿದಳು. "ನೀರಿನ ಜೊತೆ ದೋಣಿ ಏಳಲಿ. ಹಗ್ಗ ಬಿಡು ಮಗಳೇ!"

"ಬಿಟ್ಟರೆ ಹೋಗಿಬಿಡುತ್ತದೆ ಅತ್ತೇ!"

"ಪೂರ್ತಿ ಬಿಡಬೇಡ. ಮೇಯಲು ಬಿಟ್ಟ ದನಕ್ಕೆ ಹಗ್ಗ ಕೊಟ್ಟ ಹಾಗೆ ಕೊಡು."

ಅದು ಬೀರವ್ವನಿಗೆ ಅರ್ಥವಾಯಿತು. ದೋಣಿಯ ಗೂಟಕ್ಕೆ ಒಂದು ಸುತ್ತು ಉಳಿಸಿಕೊಂಡು, ಒಂದೊಂದೇ ಹಗ್ಗವನ್ನು ಮೊಳ ಮೊಳವಾಗಿ ಬಿಟ್ಟಳು. ಅಂಗೈ ಸುಲಿಯಿತು. ನೀರು ಏರಿದಂತೆ ದೋಣಿಯೂ ಏರಿತು, ಮರಗಳ ತಲೆಯ ಮಟ್ಟಕ್ಕೆ ಬಂದು ಹಂಸದ ಹಾಗೆ ಕೂತಿತು. ತಿಮಿಂಗಿಲಕ್ಕೆ ಉಸಿರು ಸಾಲದಾಯಿತು. ಭುಸ್ಸೆಂದು ಕಾರಂಜಿ ಬಿಟ್ಟು ಆಳಕ್ಕೆ ಹೊರಟುಹೋಯಿತು. ನೀರುನಾಯಿ ಹೊಗೆಯಾಗಿ ಕರಗಿತು.

ಆಗ, ದಾರ ಕಡಿದಂತೆ, ಗಾಳಿ ನಿಂತಿತು.

ಬಿಸಿಲು ಬಂತು. ನೆತ್ತಿಯ ಮೇಲೆ ನೀಲಿ ಆಕಾಶ. ಎಲೆಗಳಿಂದ ನೀರು ತೊಟ್ಟಿಕ್ಕುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಬೀರವ್ವ ದೋಣಿಯ ತಳಕ್ಕೆ ಕುಸಿದು ಕೂತಳು. "ಮುಗಿಯಿತು ಅತ್ತೇ," ಅಂದಳು.

ಒಂದು ಪುಟ್ಟ ತೆಪ್ಪದ ಮೇಲೆ ಅರಮನೆಯ ದೂತ ಬಂದ. ತಲೆಗೆ ಜರಿಯ ರುಮಾಲು, ಕೈಯಲ್ಲಿ ಬೆಳ್ಳಿಯ ಕೋಲು. ಇದು ಮೂರನೆಯದು.

"ಶಾಬಾಸ್ ತಾಯಿ! ಗಾಳಿ ಸೋತಿತು. ಸೆರೆಯಾಳುಗಳು ಕಾಯುತ್ತಿದ್ದಾರೆ, ನಿನ್ನ ಗಂಡನೂ ಇದ್ದಾನೆ. ಹಗ್ಗ ಬಿಚ್ಚು, ಹಾಯಿ ಏರಿಸು, ಈಗಲೇ ಹೊರಡು. ಮಹಾರಾಜರ ಅಪ್ಪಣೆ."

ಗಂಡನ ಸುದ್ದಿ ಕೇಳಿದ್ದೇ ಬೀರವ್ವನ ಕೈ ಗಂಟಿನ ಮೇಲಿತ್ತು. ಅತ್ತೆಯ ಕಡೆ ನೋಡಿದಳು. ಮಂಕಾಳಿ ದ್ವೀಪದ ದಿಕ್ಕಿಗೇ ನೋಡುತ್ತಿದ್ದಳು. ಅವನು ಅವಳ ಮಗನಲ್ಲವೇ.

ಆಗ ಬೀರವ್ವನಿಗೆ ಹಕ್ಕಿಗಳು ಕಂಡವು. ಕಡಲಹಕ್ಕಿಗಳು ಗುಂಪು ಗುಂಪಾಗಿ ದೋಣಿಯ ಅಂಚಿನಲ್ಲಿ ರೆಕ್ಕೆ ಮುದುಡಿ ಕೂತಿದ್ದವು. ಅವಳು ಕೈಚಾಚಿ ಮುಟ್ಟಿದರೂ ಒಂದೂ ಹಾರಲಿಲ್ಲ. ತಲೆ ಎತ್ತಿ ನೋಡಿದಳು. ನೀಲಿ ಇದ್ದದ್ದು ನೆತ್ತಿಯ ಮೇಲೆ ಮಾತ್ರ. ಸುತ್ತಲೂ ಮೋಡ ಬಾವಿಯ ಗೋಡೆಯಂತೆ ನಿಂತಿತ್ತು.

"ಅತ್ತೇ, ತೋಳ ಹೋಗಿದ್ದರೆ ಕುರಿಗಳು ಮೇಯಲು ಹೋಗುತ್ತವೆ. ಈ ಹಕ್ಕಿಗಳು ಯಾಕೆ ಹೋಗುತ್ತಿಲ್ಲ?"

ಮಂಕಾಳಿಯ ಕಣ್ಣು ಅರಳಿತು. "ಗಾಳಿ ಮುಗಿದಿಲ್ಲ ಮಗಳೇ. ನಾವು ಅದರ ಕಣ್ಣಿನೊಳಗಿದ್ದೇವೆ. ಇನ್ನರ್ಧ ಪಡುವಣದಿಂದ ಬರುತ್ತದೆ. ದಪ್ಪ ಹಗ್ಗಗಳನ್ನು ಆ ಕಡೆಗೂ ಹಾಕು!"

ಬೀರವ್ವ ದೂತನ ಕಡೆ ತಿರುಗಿದಳು. "ನನ್ನ ಕೈ ಸುಲಿದಿದೆ ಸ್ವಾಮಿ. ಗಂಟನ್ನು ನೀವೇ ಬಿಚ್ಚಿ."

ದೂತ ಕೈ ಮುಂದೆ ತಂದ, ಹಿಂದಕ್ಕೆ ಎಳೆದುಕೊಂಡ. ಅವನ ಕಣ್ಣುಗುಡ್ಡೆಗಳು ಗರಗರ ತಿರುಗಿದವು. "ಬಿಚ್ಚೇ!" ಎಂದು ಅಬ್ಬರಿಸಿದ. "ನಾನು ಸುಳಿಗಣ್ಣ! ಬಿಚ್ಚು!"

ಬೀರವ್ವ ಹಲ್ಲು ಕಚ್ಚಿ, ಉಳಿದಿದ್ದ ಆನೆಹಗ್ಗಗಳನ್ನು ಹೊತ್ತು ನೀರಿಗೆ ಹಾರಿದಳು. ಪಡುವಣ ದಡದ ಮರಗಳಿಗೆ ಸುತ್ತಿದಳು, ಕಂಬಳಿ ಕಟ್ಟಿದಳು, ಸಡಿಲ ಕೊಟ್ಟಳು, ಗಂಟು ಹಾಕಿದಳು. ದೋಣಿಗೆ ಹತ್ತಿ ಅತ್ತೆಯನ್ನು ತಬ್ಬಿ ಮಲಗಿದಳು.

ಪಡುವಣದ ಗಾಳಿ ಬಂತು. ಮೊದಲಿನದಕ್ಕಿಂತ ಎರಡರಷ್ಟು. ದೋಣಿ ಕುಣಿಯಿತು, ನರಳಿತು, ಮರಳಿ ನೆಟ್ಟಗಾಯಿತು. ಹಗ್ಗಗಳು ಹಿಡಿದವು. ಸಂಜೆಯ ಹೊತ್ತಿಗೆ ಗಾಳಿ ದಣಿಯಿತು, ಮಳೆ ಹನಿಗೆ ಇಳಿಯಿತು. ದೋಣಿ ನೀರಿನ ಮೇಲೆಯೇ ಇತ್ತು. ಸುಳಿಗಣ್ಣ ಚೀಲದ ಬಾಯಿ ಹಿಡಿದು, "ಬಾ ಒಳಗೆ!" ಎಂದು ಕೂಗಿದ. ಗಾಳಿ ಕೇಳಲಿಲ್ಲ. ಚೀಲವನ್ನೂ ಅವನನ್ನೂ ಎತ್ತಿಕೊಂಡು, ನೆಲವೇ ಇಲ್ಲದ ದಿಕ್ಕಿಗೆ ಹೊರಟುಹೋಯಿತು. ಹಕ್ಕಿಗಳು ಒಂದೊಂದಾಗಿ ಮೈ ಕೊಡವಿ ಹಾರಿದವು.

"ಈಗ ಮುಗಿಯಿತು," ಅಂದಳು ಮಂಕಾಳಿ.

ದಡದಲ್ಲಿ ಕಲ್ಲಾಗಿದ್ದ ದೋಣಿಗಳು ಮತ್ತೆ ಮರವಾದವು. ಬೆಳಗ್ಗೆ ಅತ್ತೆ ಚುಕ್ಕಾಣಿ ಹಿಡಿದಳು, ಸೊಸೆ ಹಾಯಿ ಏರಿಸಿದಳು. ಊರ ದೋಣಿಗಳೆಲ್ಲ ಹಿಂದೆ ಬಂದವು. ಕರಿಬಂಡೆಯ ಮೇಲೆ ಸೆರೆಯಾಳುಗಳು ಕೈ ಬೀಸುತ್ತ ನಿಂತಿದ್ದರು. ಎಲ್ಲರಿಗಿಂತ ಮುಂದೆ, ಎದೆಮಟ್ಟ ನೀರಿನಲ್ಲಿ ಸುಕ್ರ.

"ಹಗ್ಗ ಎಸೆಯೇ!" ಎಂದು ಕೂಗಿದ.

ಬೀರವ್ವ ಎಸೆಯಲು ನೋಡಿದಳು. ಆಗಲಿಲ್ಲ. ನಿನ್ನೆಯಿಡೀ ಹಗ್ಗ ಹಿಡಿದ ಬೆರಳುಗಳು ಸೆಟೆದು ಮುಷ್ಟಿಯಾಗಿಯೇ ನಿಂತಿದ್ದವು. ಸುಕ್ರ ಈಜಿ ಬಂದು ದೋಣಿ ಹತ್ತಿದ. ತಾಯಿಯ ಕಾಲು ಮುಟ್ಟಿ, ಹೆಂಡತಿಯ ಎದುರು ಕೂತ. ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಕೊನೆಯ ಬೆರಳು ಬಿಟ್ಟುಕೊಂಡಾಗ ಬೀರವ್ವ ಬಿಕ್ಕಿ ಬಿಕ್ಕಿ ಅತ್ತಳು. ಮಂಕಾಳಿ ಅವಳನ್ನು ತಡೆಯಲಿಲ್ಲ. "ಅಳು ಮಗಳೇ, ಅತ್ತುಬಿಡು" ಅಂದಳು.

ಹವಳಸೀಮೆಯವರು ಬಹುಕಾಲ ಸುಖವಾಗಿ ಬಾಳಿದರು. ಗಾಳಿ ತನ್ನ ಕಾಲಕ್ಕೆ ಬರುತ್ತಿತ್ತು, ತನ್ನ ಪಾಡಿಗೆ ಹೋಗುತ್ತಿತ್ತು.