ಬಿಳಿಯ ಮೇಲೆ ಬಿಳಿ ಅಕ್ಷರ

ಮೊದಲ ಏಟು ಮಾನಿಟರ್‌ಗೆ ಬಿತ್ತು. ಎರಡನೆಯದು ನನ್ನ ತಲೆಗೆ ಬೀಳಬೇಕಿತ್ತು, ಪಾಠಕ್ಕೆ ಬಂದಿದ್ದ ಬಡಗಿ ಕೈ ಅಡ್ಡ ಕೊಟ್ಟ. ಮೂಳೆ ಮುರಿದ ಸದ್ದು ನನಗೇ ಕೇಳಿಸಿತು.

"ಮೂರು ಊರು ಬದಲಾಯಿಸಿದ್ರೆ ಸಿಗಲ್ಲ ಅಂದ್ಕೊಂಡ್ಯಾ?"

ಕಬ್ಬಿಣದ ರಾಡ್ ಹಿಡಿದು ನಿಂತಿದ್ದವನು ನನ್ನ ಮಾಜಿ ಗಂಡ. ಎರಡು ವರ್ಷದಿಂದ ಅವನ ಕಣ್ಣು ತಪ್ಪಿಸಿ ಚಿಕ್ಕಮ್ಮನ ಜೊತೆ ಬದುಕುತ್ತಿದ್ದೆ. ಸೈಕಲ್ ಅಂಗಡಿಯ ಮೇಲಿನ ಈ ಕೋಣೆಯಲ್ಲಿ ವೆಬ್ ಪೇಜ್ ಮಾಡುವುದನ್ನು ಕಲಿಸುತ್ತಿದ್ದೆ.

ರಾಡ್ ಮತ್ತೆ ಮೇಲೆದ್ದಿತು. ಮುರಿದ ಕೈ ಜೋತಾಡುತ್ತಿದ್ದರೂ ಬಡಗಿ ಅವನ ಮೇಲೆ ಬಿದ್ದ. ಇಬ್ಬರೂ ಗಾಜಿನ ಚೂರುಗಳ ಮೇಲೆ ಉರುಳಾಡಿದರು, ನೆಲವೆಲ್ಲ ರಕ್ತ. ನಾನು ಕೀಬೋರ್ಡ್ ಕಿತ್ತು ಆ ಪಾಪಿಯ ಮುಖಕ್ಕೆ ಬಾರಿಸಿದೆ, ಕೀಗಳು ಉದುರುವವರೆಗೂ ಬಾರಿಸಿದೆ. ಎರಡು ವರ್ಷದ ಸಿಟ್ಟು, ಸುಮ್ಮನೆ ಇಳಿಯುತ್ತದೆಯೇ! ಕೆಳಗಿನ ಅಂಗಡಿಯವರು ಓಡಿ ಬಂದು ಅವನನ್ನು ಹಿಡಿದು ಪೊಲೀಸರಿಗೆ ಒಪ್ಪಿಸಿದರು.

ಬಡಗಿ ನನ್ನ ವಿದ್ಯಾರ್ಥಿ. ತಾನು ಮಾಡುವ ಕುರ್ಚಿಗಳಿಗೊಂದು ಪೇಜ್ ಬೇಕೆಂದು ಬಂದವನು ಬೋರ್ಡ್‌ಗಿಂತ ನನ್ನನ್ನೇ ಹೆಚ್ಚು ನೋಡುತ್ತಿದ್ದ. ಒಮ್ಮೆ ಎರಡು ಚೌಕ ಬರೆದು ತೋರಿಸಿದೆ.

"ಚೌಕದ ಒಳಗೆ ಅಂಚಿಗೂ ಅಕ್ಷರಕ್ಕೂ ಬಿಡೋ ಜಾಗ ಪ್ಯಾಡಿಂಗ್. ಎರಡು ಚೌಕದ ನಡುವೆ ಬಿಡೋದು ಮಾರ್ಜಿನ್."

"ನಮ್ಮಿಬ್ಬರ ನಡುವೆ ಇರೋದು, ಮೇಡಂ?"

"ಮಾರ್ಜಿನ್. ಇನ್ನೂ ಜಾಸ್ತಿ ಮಾಡ್ಬೇಕಾ?"

ತಲೆ ತಗ್ಗಿಸಿ, ಕಣ್ಣು ಮಾತ್ರ ಮೇಲೆತ್ತಿ ನಕ್ಕ. ಹಾಳು ನಗು, ಇಡೀ ದಿನ ನನ್ನ ಬೆನ್ನು ಬಿಡಲಿಲ್ಲ.

ಅಭ್ಯಾಸಕ್ಕೆಂದು ಅವನು ಮಾಡಿದ ಮೊದಲ ಪೇಜ್ ನನ್ನ ಬಗ್ಗೆಯೇ ಇತ್ತು. ಮೇಲೆ ಹೆಡರ್‌ನಲ್ಲಿ ನನ್ನ ಹೆಸರು, ಕೆಳಗೆ ಫೂಟರ್‌ನಲ್ಲಿ ಈ ಕೋಣೆಯ ವಿಳಾಸ. "ಮೊದ್ಲು ತೆಗೀರಿ ಅದನ್ನ!" ಎಂದು ಕಿರುಚಿದ್ದೆ.

ಏಟು ಬಿದ್ದ ಮರುದಿನ ಬೆಳಿಗ್ಗೆ, ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಅವನು ಮನೆ ಬಾಗಿಲಿಗೆ ಬಂದ.

"ಆ ಪೇಜಿಂದ ನಿಮ್ಮ ಹೆಸರು ತೆಗೆಯೋಕೆ ಮನಸ್ಸು ಬರ್ಲಿಲ್ಲ. ಬ್ಯಾಕ್‌ಗ್ರೌಂಡ್ ಬಿಳಿ ಇತ್ತಲ್ಲ, ಅಕ್ಷರಾನೂ ಬಿಳಿ ಮಾಡಿ ಪಬ್ಲಿಷ್ ಮಾಡ್ಬಿಟ್ಟೆ. ಕಾಣಲ್ವಲ್ಲ ಅಂತ..."

ಅಯ್ಯೋ ದೇವರೇ! ಬಣ್ಣ ಬದಲಾದರೆ ಅಕ್ಷರ ಅಳಿಸಿಹೋಗುತ್ತದೆಯೇ? ಕಣ್ಣಿಗೆ ಕಾಣದಿದ್ದರೂ ಸರ್ಚ್‌ನಲ್ಲಿ ಸಿಗುತ್ತದೆ. ನನ್ನ ಹೆಸರು ಹಾಕಿ ಹುಡುಕಿದ ಮಾಜಿ ಗಂಡನಿಗೆ ವಿಳಾಸ ಸಮೇತ ಸಿಕ್ಕಿತ್ತು. ಬಡಗಿಯ ಕೆನ್ನೆಗೆ ಬಾರಿಸಿದೆ.

"ನನ್ನನ್ನ ಕೇಳದೆ ಮಾಡಿದ್ರಿ! ಅವನೂ ಹಾಗೇನೇ, ಯಾವತ್ತೂ ಕೇಳ್ತಿರ್ಲಿಲ್ಲ."

"ನಿಮ್ಮ ಮೇಲೆ ಪ್ರಾಣ ಇಟ್ಕೊಂಡಿದೀನಿ. ಆದ್ರೂ ಮಾಡಿದ್ದು ತಪ್ಪೇ. ಪೇಜ್ ಪೂರ್ತಿ ಅಳಿಸಿದೀನಿ."

ಚಿಕ್ಕಮ್ಮ ತುಂಬಿದ ಬ್ಯಾಗನ್ನು ಒಳಗಿಂದ ತಂದು ಬಾಗಿಲಲ್ಲಿಟ್ಟಳು. "ಬಾರೇ, ಬಸ್ಸಿಗೆ ಹೊತ್ತಾಯ್ತು. ಆ ರಾಕ್ಷಸ ಬೇಲ್ ಮೇಲೆ ಬರೋದ್ರೊಳಗೆ ಹೊರಡೋಣ."

ಬಡಗಿ ಬಗ್ಗಿ, ನೆಟ್ಟಗಿದ್ದ ಕೈಯಲ್ಲಿ ಬ್ಯಾಗ್ ಎತ್ತಿಕೊಂಡ. "ಬಸ್ ಸ್ಟ್ಯಾಂಡ್‌ವರೆಗೆ ತರ್ತೀನಿ. ನೀವು ಬಸ್ ಹತ್ತೋ ಮೊದ್ಲೇ ವಾಪಸ್ ಹೊರಟ್ಬಿಡ್ತೀನಿ."

"ಯಾವ ಊರು ಅಂತ ಕೇಳಲ್ವಾ?"

"ಬೇಡ. ನನಗೂ ಗೊತ್ತಾಗೋದು ಬೇಡ, ನನ್ನಿಂದ ಮತ್ತೆ ಅವನಿಗೆ ಸಿಗೋದು ಬೇಡ."

ನನಗೆ ಅಳು ಉಕ್ಕಿ ಬಂತು. ಬ್ಯಾಗ್ ಕಿತ್ತುಕೊಂಡು ನೆಲಕ್ಕೆ ಕುಕ್ಕಿದೆ.

"ಎಲ್ಲಿಗೂ ಹೋಗಲ್ಲ ನಾನು! ಬರ್ಲಿ ಅವನು, ಈ ಸಲ ಓಡೋದು ಅವನೇ. ನನಗೂ ನೀನು ಬೇಕು ಕಣೋ, ಪೆದ್ದ!"