ಪಿಯಾನೊ ಮೇಲಿನ ವಿಭೂತಿ

ವಾರಕ್ಕೊಮ್ಮೆ ಹುಣಸೂರಿನಿಂದ ಕಂಪಲಾಪುರಕ್ಕೆ ಹೋಗಿ ಚೈತ್ರಳಿಗೆ ಪಿಯಾನೊ ಕಲಿಸುತ್ತೇನೆ. ಹೋದ ವರ್ಷ ಆಯುಧಪೂಜೆಯ ಬೆಳಿಗ್ಗೆ ಒಂದು ಹಳೆಯ ಕೃತಿ ಬಾರಿಸಿ, ಅದನ್ನು ಬರೆದವನ ಕಥೆ ಹೇಳಿದೆ. ಇನ್ನೂರು ವರ್ಷದ ಹಿಂದಿನ ಮನುಷ್ಯ. ಬಲಗೈಯ ಉಂಗುರದ ಬೆರಳು ಸ್ವಾಧೀನ ತಪ್ಪಿ, ತಾನು ಬರೆದದ್ದನ್ನು ತಾನೇ ಬಾರಿಸಲಾಗದೆ ಹೋದನಂತೆ.

"ಪಾಪ, ಒಂದ್ಸಲನಾದ್ರೂ ಬಾರಿಸ್ಬೇಕಿತ್ತು ಸಾರ್," ಎಂದಳು ಚೈತ್ರ.

ಅಷ್ಟರಲ್ಲಿ ಅವಳ ಅಜ್ಜಿ ಪುಟ್ಟಮಲ್ಲಮ್ಮ ಟ್ರ್ಯಾಕ್ಟರಿನ ಪೂಜೆ ಮುಗಿಸಿ ಬಂದು, ಪಿಯಾನೊ ಮುಚ್ಚಿ, ಮುಚ್ಚಳದ ತುಂಬ ವಿಭೂತಿ ಬಳಿದರು.

"ಇವತ್ತು ಮುಟ್‌ಬ್ಯಾಡಿ ಕಣ್ರೀ ಮೇಷ್ಟ್ರೇ. ಅದೂ ಒಂದಿನ ಸುಧಾರಿಸ್ಕಳ್ಳಿ."

ಕೋಣೆಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಮನೆಯಲ್ಲಿದ್ದ ನಾವು ಮೂವರೂ ಊಟಕ್ಕೆ ಕೂತಿದ್ದೆವು. ಹೋಳಿಗೆ ಬಡಿಸುವಾಗ ಒಳಗೆ ಪಿಯಾನೊ ಕೇಳಿಸಿತು. ಅದೇ ಕೃತಿ, ಬಹಳ ನಿಧಾನವಾಗಿ. ಅಲ್ಲಲ್ಲಿ ಒಂದೊಂದು ಸ್ವರ ಬಿಟ್ಟುಹೋಗುತ್ತಿತ್ತು. ಅಜ್ಜಿ ಕೈ ತೊಳೆದು ಬಂದು ಬೀಗ ತೆಗೆಯುವವರೆಗೂ ಅದು ನಿಲ್ಲಲಿಲ್ಲ.

ಒಳಗೆ ಯಾರೂ ಇರಲಿಲ್ಲ. ಗೋಡೆಯಾಚೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಉರಿಯುತ್ತಿದ್ದರೂ ಕೋಣೆ ತಣ್ಣಗಿತ್ತು. ಪಿಯಾನೊ ಮುಚ್ಚಿಯೇ ಇತ್ತು.

ವಿಭೂತಿಯ ಮೇಲೆ ಎರಡು ಕೈಗಳ ಗುರುತು ಮೂಡಿತ್ತು. ಚೈತ್ರ ಬಗ್ಗಿ ಎಣಿಸಿದಳು. ಎಡಗೈಯದು ಐದು ಬೆರಳು, ಬಲಗೈಯದು ನಾಲ್ಕು.